ಎಲ್ಲ ಕುಲಕ್ಕೂ ಬಾಗಿಲು ತೆರೆದ ಕೊಟ್ರೇಶ್

ಬಾಗಿಲು ಎದುರಾದರೆ ಕೊಟ್ರೇಶ್ ನಿಂತುಬಿಡುತ್ತಾನೆ. ಹೋಟೆಲಿನ ಬಾಗಿಲಿರಲಿ, ಬ್ಯಾಂಕಿನದಿರಲಿ, ಹೊನ್ನಾಳಿ ನಿಲ್ದಾಣದ ನೂಕುನುಗ್ಗಲಿನಲ್ಲಿ ಆಗಷ್ಟೇ ತೆರೆದುಕೊಂಡ ಬಸ್ಸಿನ ಬಾಗಿಲೇ ಇರಲಿ, ಅವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿದು, ಬಲಗೈ ಅಗಲಿಸಿ, ತಲೆಯನ್ನು ತುಸು ಬಾಗಿಸಿ, 'ಬರ್ರಿ ಬರ್ರಿ, ನೀವು ಮೊದ್ಲು' ಎನ್ನುತ್ತಾನೆ. ಹಿಂದೆ ನಿಂತವರು ತಹಶೀಲ್ದಾರರೋ ತರಕಾರಿ ಬುಟ್ಟಿಯ ಮುದುಕಿಯೋ ಎಂಬ ವ್ಯತ್ಯಾಸ ಅವನಿಗಿಲ್ಲ. ಹೀಗೆ ದಾರಿ ಬಿಟ್ಟುಕೊಡುತ್ತಲೇ ಎಷ್ಟೋ ಬಸ್ಸುಗಳನ್ನು ಅವನು ತಪ್ಪಿಸಿಕೊಂಡಿದ್ದಾನೆ. ನಡಿಗೆಯೂ ಅದೇ ಜಾಯಮಾನದ್ದು: ರಸ್ತೆಯ ಅಂಚು ಹಿಡಿದು, ಭುಜ ಓರೆಮಾಡಿ, ಎದುರು ಬರುವವರಿಗೆ ಮುಂಚಿತವಾಗಿಯೇ ಜಾಗ ಮಾಡಿಕೊಟ್ಟು ನಡೆಯುವ ನಡಿಗೆ. ಮೈಮೇಲೆ ತೋಳಿಲ್ಲದ ಬೂದು ಸ್ವೆಟರ್. ಚಳಿ ಅವನಿಗೆ ಆಗಿಬರುವುದಿಲ್ಲ, ಯುಗಾದಿ ಕಳೆದರೂ ಅದನ್ನು ಕಳಚುವುದಿಲ್ಲ. ಇನ್ನು ಮಾತಿಗೆ ಮೊದಲು ಒಂದು, ಮಾತಿನ ಕೊನೆಗೆ ಒಂದು 'ಅದಕ್ಕೇನಂತೆ'. ಮಳೆ ಬಂತು ಎಂದರೆ ಅದಕ್ಕೇನಂತೆ, ಕರೆಂಟು ಹೋಯಿತು ಎಂದರೆ ಅದಕ್ಕೇನಂತೆ.

ಇಂಥ ಮನುಷ್ಯನನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಈಗ ಅವನ ಬಗ್ಗೆ ಬರೆಯಲು ಕೂತರೆ ಬಾಯೆಲ್ಲ ಕಹಿಯಾಗುತ್ತದೆ.

ನ್ಯಾಮತಿ ತಾಲ್ಲೂಕು ಕೇಂದ್ರವಾದ ಹೊಸದರಲ್ಲಿ ಅವನು ತಾಲ್ಲೂಕು ಕಚೇರಿಯ ಎದುರಿಗೊಂದು ಆನ್‌ಲೈನ್ ಅಂಗಡಿ ತೆರೆದ. ಪಹಣಿ ತೆಗೆದುಕೊಡುವುದು, ಆಧಾರ್ ತಿದ್ದಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುವುದು ಅಲ್ಲಿಯ ಕೆಲಸ. ವಾರವೆಲ್ಲ ಜನರ ಜಾತಿಯನ್ನು ಬೆರಳ ತುದಿಯಿಂದ ಕುಟ್ಟುವ ಈ ಕಸುಬಿನಲ್ಲಿ ಅವನದೊಂದು ಸೂಕ್ಷ್ಮವಿತ್ತು. 'ಯಾವ ಜಾತಿ ಅಂತ ಹಾಕ್ಲಿ?' ಎಂದು ಕೇಳುವಾಗ ಪಕ್ಕದಲ್ಲಿ ನಿಂತವನಿಗೂ ಕೇಳಿಸದಂತೆ ದನಿ ತಗ್ಗಿಸುತ್ತಿದ್ದ. ಅದನ್ನು ಕಂಡ ದಿನವೇ ನಾನು ಅವನ ಅಭಿಮಾನಿಯಾದೆ.

ಭಾನುವಾರ ಆ ಅಂಗಡಿಯ ಷಟರ್ ಅರ್ಧ ಇಳಿದಿರುತ್ತಿತ್ತು. ಒಳಗೆ ನಾವು ನಾಲ್ವರು ಕಥೆಯಾಟ ಆಡುತ್ತಿದ್ದೆವು. ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಸುನೀತಾ ಚನ್ನಗಿರಿಯಲ್ಲಿ ನರ್ಸ್. ಮೂರನೆಯವನು ದುರುಗೇಶ್, ಜಗಳೂರು ತಾಲ್ಲೂಕಿನ ಹಳ್ಳಿಯವನು, ಚನ್ನಗಿರಿಯ ಪಶು ಆಸ್ಪತ್ರೆಯಲ್ಲಿ ನೌಕರಿ. ಸುನೀತಾ ಬಸ್ಸಿನಲ್ಲೂ ಅವನು ಬೈಕಿನಲ್ಲೂ ಬರುತ್ತಿದ್ದರು. ಆಟ ಇಷ್ಟೇ: ಒಬ್ಬ ಒಂದು ಲೋಕವನ್ನು ಕಲ್ಪಿಸಿ ಕಥೆ ನಡೆಸುತ್ತಾನೆ, ಉಳಿದವರು ಆ ಲೋಕದ ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ, ಗೆಲುವು ಸೋಲುಗಳನ್ನು ಹಲವು ಮುಖಗಳ ದಾಳ ತೀರ್ಮಾನಿಸುತ್ತದೆ. ವಯಸ್ಸಿಗೆ ಬಂದವರು ಆಡುವ ಆಟವೇ ಇದು ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಗಲಿ. ಆ ಇಕ್ಕಟ್ಟು ಅಂಗಡಿಯಲ್ಲಿ ಪ್ರಿಂಟರುಗಳ ನಡುವೆ ನಾನು ಕಂಡ ಬೆಟ್ಟಗಳನ್ನೂ ಸಮುದ್ರಗಳನ್ನೂ ಬೇರೆಲ್ಲೂ ಕಂಡಿಲ್ಲ. ಕಥೆ ನಡೆಸುವವನು ಕೊಟ್ರೇಶ್. ಲೋಕ ಅವನದು, ಕಾನೂನೂ ಅವನದೇ.

ಹೊಸ ಕಥೆ ಶುರುವಾಗುವ ಮೊದಲು ಅವನು ಒಂದಿಡೀ ಭಾನುವಾರವನ್ನು ಒಂದೇ ಪ್ರಶ್ನೆಗೆ ಮೀಸಲಿಡುತ್ತಿದ್ದ: ಈ ಲೋಕದಲ್ಲಿ ಯಾವ ಯಾವ ಕುಲದವರು ಪಾತ್ರವಾಗಿ ಬರಬಹುದು? ಮನುಷ್ಯರು ಸರಿ. ಗುಹೆಯೊಳಗೆ ಲೋಹ ಕಾಯಿಸುವ ಕುಳ್ಳರು, ಶತಮಾನಗಟ್ಟಲೆ ಬದುಕುವ ಕಿನ್ನರರು, ಸೊಂಟದ ಕೆಳಗೆ ಹಾವಾದ ನಾಗರು, ರೆಕ್ಕೆಯವರು, ಕೋರೆಹಲ್ಲಿನ ರಾಕ್ಷಸರು? ಸಾಮಾನ್ಯವಾಗಿ ಈ ಆಟ ನಡೆಸುವವರು ಇಲ್ಲಿ ಕೈ ಬಿಗಿಹಿಡಿಯುತ್ತಾರೆ, ಎಲ್ಲರನ್ನೂ ಬಿಟ್ಟುಕೊಂಡರೆ ಕಥೆ ಸಂತೆಯಾಗುತ್ತದೆ ಎಂಬ ಭಯದಿಂದ. ನನ್ನದೂ ಅದೇ ಪಕ್ಷ. ಸತ್ತು ಎದ್ದುಬಂದವರ ಕುಲವನ್ನು ಸೇರಿಸುವ ಮಾತು ಬಂದಾಗ ನಾನು ಜಗಳಕ್ಕೇ ನಿಂತೆ.

'ಸತ್ತವರೇ ಆಟಕ್ಕೆ ಬಂದರೆ ಸಾವಿಗೆ ಹೆದರುವವರು ಯಾರಪ್ಪ? ಕಥೆಗೆ ತೂಕ ಎಲ್ಲಿಂದ ಬರುತ್ತೆ?'

'ಅದಕ್ಕೇನಂತೆ ಮೇಷ್ಟ್ರೇ,' ಎಂದ ಕೊಟ್ರೇಶ್. 'ಸತ್ತಿದ್ದು ಅವ್ರ ತಪ್ಪಾ? ಬರ್ಲಿ ಬಿಡ್ರಿ ಒಳಗೆ.'

ಸುನೀತಾ ಮಣ್ಣಿನಿಂದ ಮಾಡಿದವಳಾಗಬೇಕೆಂದಳು. ಅಂಥ ಕುಲ ಯಾವ ನಿಯಮದಲ್ಲೂ ಇರಲಿಲ್ಲ. ಅದಕ್ಕೇನಂತೆ ಎಂದವನು ವಾರವೆಲ್ಲ ಕೂತು ಮಣ್ಣಿನವರಿಗೆ ಒಂದು ಹಬ್ಬ ಕಟ್ಟಿದ, ಒಂದು ಸೋಬಾನೆ ಕಟ್ಟಿದ, ಮಳೆಗಾಲದಲ್ಲಿ ಅವರು ಕರಗದಂತೆ ಒಲೆಬೂದಿ ಬಳಿದುಕೊಳ್ಳುವ ಪದ್ಧತಿಯನ್ನೂ ಕಲ್ಪಿಸಿದ. ಆ ಸೋಬಾನೆಯನ್ನು ಅವನೇ ಹಾಡಿ ತೋರಿಸಿದಾಗ ಸುನೀತಾಳ ಕಣ್ಣು ತುಂಬಿತು. ನಾನು ಸುಳ್ಳು ಹೇಳಬಾರದು, ನನ್ನದೂ ತುಂಬಿತು. ಇಷ್ಟೊಂದು ಔದಾರ್ಯ ಒಂದು ತೋಳಿಲ್ಲದ ಸ್ವೆಟರಿನೊಳಗೆ ಹೇಗೆ ಹಿಡಿಸುತ್ತದೆ ಎಂದು ಬೆರಗಾದೆ. ಆ ದಿನವೇ ಅವನು ತನ್ನ ಲೋಕದ ಶಾಸನವನ್ನು ಸಾರಿದ್ದು: 'ನಮ್ ಲೋಕದಾಗೆ ಯಾವ ಬಾಗ್ಲೂ ಯಾರಿಗೂ ಮುಚ್ಚಿರಂಗಿಲ್ಲ.'

ದುರುಗೇಶನ ಸರದಿ ಬಂದಾಗ ಅವನು ಕೇಳಿದ್ದು ಮನುಷ್ಯನನ್ನು. ಕೊಟ್ರೇಶ್‌ಗೆ ನಿರಾಸೆಯಾಯಿತು.

'ಇಷ್ಟೆಲ್ಲಾ ಇಟ್ಕಂಡು ಬರೀ ಮನುಷ್ಯನಾ? ರೆಕ್ಕೆ ಬ್ಯಾಡ್ವಾ?'

'ಬ್ಯಾಡ್ರಿ. ನಂಗೆ ಮನುಷ್ಯ ಆದ್ರೆ ಸಾಕು.'

ನಾವೆಲ್ಲ ನಕ್ಕೆವು. ಆ ಮನುಷ್ಯನನ್ನು ದುರುಗೇಶ್ ಎಷ್ಟು ಚೆನ್ನಾಗಿ ಕಟ್ಟಿದನೆಂದರೆ, ಒಂದು ವರ್ಷದಲ್ಲಿ ರಾಕ್ಷಸರೂ ನಾಗರೂ ಅವನ ಮಾತಿಗೆ ಕಾಯುವಂತಾಯಿತು. ಕುರಿಮಂದೆಯ ನಡುವೆ ಬೆಳೆದವನಲ್ಲವೇ, ಮೂಕಪ್ರಾಣಿಗಳ ನೋವು ಅವನಿಗೆ ಗೊತ್ತಿತ್ತು. ಅವನ ಪಾತ್ರ ಯುದ್ಧದ ಮಧ್ಯೆ ನಿಂತು ಶತ್ರುವಿನ ಕುದುರೆಗೂ ಔಷಧಿ ಹಚ್ಚುತ್ತಿತ್ತು. ಚನ್ನಗಿರಿಯಿಂದ ಅಷ್ಟು ದೂರ ಬೈಕಿನಲ್ಲಿ ಬರುತ್ತಿದ್ದವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. 'ವಾರದಾಗೆ ಇದೊಂದು ಜಾಗ್ದಾಗೆ ನನ್ನ ಯಾರೂ ಏನೂ ಕೇಳಲ್ಲ ಮೇಷ್ಟ್ರೇ' ಎಂದು ಒಮ್ಮೆ ನನ್ನೊಂದಿಗೆ ಚಹಾ ಕುಡಿಯುತ್ತ ಹೇಳಿದ್ದ. ಅವನಿಗೆ ಅದು ಬರೀ ಆಟವಾಗಿರಲಿಲ್ಲ.

ಪುಷ್ಯ ಮಾಸದಲ್ಲಿ ಅಂಗಡಿಗೆ ಟೈಲ್ಸ್ ಹಾಕಿಸುವ ಕೆಲಸ ಶುರುವಾಯಿತು. ಆ ಭಾನುವಾರ ಆಟ ತನ್ನ ಮನೆಯಲ್ಲಿ ಎಂದು ಕೊಟ್ರೇಶ್ ಫೋನು ಮಾಡಿದ. ಬೆಳಿಗ್ಗೆ ಹೋದೆವು. ಚಳಿಗಾಳಿ ಕಿವಿ ಕೊರೆಯುತ್ತಿತ್ತು. ಕೊಟ್ರೇಶ್ ಗೇಟಿನಲ್ಲೇ ನಿಂತು, ಕೈ ಅಗಲಿಸಿ, 'ಬರ್ರಿ ಬರ್ರಿ' ಎಂದು ನಮ್ಮನ್ನು ಮುಂದೆ ಬಿಟ್ಟ. ಹೊಸ್ತಿಲಲ್ಲಿ ಅವನ ತಾಯಿ ಬಂಗಾರಮ್ಮ ನಿಂತಿದ್ದರು. ನಗುಮುಖದ ಹೆಂಗಸು. ಊಟ ಮಾಡಿಕೊಂಡೇ ಹೋಗಬೇಕು ಎಂದರು. ಹಾಗೆನ್ನುತ್ತಲೇ, ಊರೆಲ್ಲ ಕೇಳುವ ಪ್ರಶ್ನೆಯನ್ನು ಊರೆಲ್ಲ ಕೇಳುವಷ್ಟೇ ಸಹಜವಾಗಿ ಕೇಳಿದರು. ನನ್ನದಾಯಿತು, ಸುನೀತಾಳದಾಯಿತು.

'ನೀವು ಯಾವ ಪೈಕಿ ಅಪ್ಪ?' ಎಂದರು ದುರುಗೇಶನಿಗೆ.

'ಜಗಳೂರು ಕಡೇರಮ್ಮ.'

'ಊರಲ್ಲಪ್ಪ. ಯಾವ ಪೈಕಿ ಅಂತ.'

'ಬೌದ್ಧರಮ್ಮ.'

'ಹಂಗಂದ್ರೆ? ಮೊದ್ಲು ಏನಾಗಿದ್ರಿ?'

ದುರುಗೇಶ್ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಬಂಗಾರಮ್ಮ ಮಗನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ನಾವು ಚಪ್ಪಲಿ ಬಿಟ್ಟು ಹೊಸ್ತಿಲ ಈಚೆಗೆ ನಿಂತಿದ್ದೆವು. ದುರುಗೇಶನ ಹೆಲ್ಮೆಟ್ ಅವನ ಕೈಯಲ್ಲೇ ಇತ್ತು, ಎಲ್ಲಿ ಇಡುವುದೆಂದು ತಿಳಿಯದವನಂತೆ ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ. ಅಮ್ಮಾ, ಇವರು ನನ್ನ ಸ್ನೇಹಿತರು, ಒಳಗೆ ಬರುತ್ತಾರೆ: ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ತಾಯಿ ಒಂದು ದಿನ ಮುನಿಸಿಕೊಂಡು ಮಲಗುತ್ತಿದ್ದರು, ಅಷ್ಟೆ. ಕೊಟ್ರೇಶ್ ಸ್ವೆಟರಿನ ಅಂಚಿನಿಂದ ಹಣೆ ಒರೆಸಿಕೊಂಡ.

'ಒಳಗೆ ಬಾಳ ಸೆಕೆ ಐತ್ರಿ,' ಎಂದ. 'ಇಲ್ಲೇ ಕಟ್ಟೆ ಮ್ಯಾಲೆ ಕೂತ್ಕಂಡ್ರೆ ಗಾಳಿ ಚೆನ್ನಾಗಿರ್ತೈತೆ.'

ಚಾಪೆ ತಾನೇ ತಂದು ಹಾಸಿದ, ದುರುಗೇಶನಿಗೆ ದಿಂಬು ಕೊಟ್ಟ. ಬೀದಿಯ ತುದಿಯ ಅಂಗಡಿಗೆ ತಾನೇ ಓಡಿಹೋಗಿ ಎಲ್ಲರಿಗೂ ಕಾಗದದ ಲೋಟದಲ್ಲಿ ಚಹಾ ತಂದ. ಎಲ್ಲರಿಗೂ! ಒಬ್ಬನಿಗೆ ಬೇರೆ ಲೋಟ ಕೊಟ್ಟು ಅವಮಾನ ಮಾಡುವಂಥ ಒರಟ ಅವನಲ್ಲ. ಆ ಅವಮಾನವನ್ನು ನಾಲ್ಕು ಭಾಗ ಮಾಡಿ, ಸಮನಾಗಿ ಹಂಚಿ, ಹಂಚಿದ್ದಕ್ಕೆ ತೃಪ್ತನಾಗಿ ಕೂತ.

ಅಂದಿನ ಕಥೆ ಹಿಮದ ಕಣಿವೆಯ ಒಂದು ಛತ್ರಕ್ಕೆ ಬಂದು ನಿಂತಿತ್ತು. ಛತ್ರದ ಯಜಮಾನನ ದನಿಯನ್ನು ಕೊಟ್ರೇಶ್ ಎಂದಿನಂತೆ ಸೊಗಸಾಗಿ ತೆಗೆದ: 'ಬರ್ರಿ ಬರ್ರಿ, ನಾಗರು ಬರ್ರಿ, ರಾಕ್ಷಸರು ಬರ್ರಿ, ಒಳಗೆ ಬೆಂಕಿ ಐತೆ, ಬಿಸಿಯೂಟ ಐತೆ.' ತನ್ನ ಮನೆಯ ಹೊಸ್ತಿಲಿಗೆ ಬೆನ್ನುಹಾಕಿ ಕೂತು ಅವನು ಇದನ್ನು ಹೇಳಿದ. ಮೈ ಉರಿಯಿತು ನನಗೆ. ಅವನ ಮುಖದಲ್ಲಿ ಮಾತ್ರ ಕಪಟದ ಒಂದೆಳೆಯೂ ಇರಲಿಲ್ಲ.

'ನನ್ನ ಮನುಷ್ಯ ಹೊರಗೇ ಇರ್ತಾನೆ,' ಎಂದ ದುರುಗೇಶ್. 'ಕುದುರೆ ಕಾಯ್ತಾನೆ.'

'ಯಾಕ್ರಿ? ಇಲ್ಲಿ ಯಾರೂ ತಡೆಯಲ್ಲ.'

'ಗೊತ್ತು. ಇರ್ಲಿ ಬಿಡ್ರಿ.'

ಮುಂದಿನ ಭಾನುವಾರ ಅಂಗಡಿಯ ಹೊಸ ನೆಲದ ಮೇಲೆ ಕೂತೆವು. ಆಟ ಶುರುವಾಗುವ ಮೊದಲೇ ದುರುಗೇಶ್ ತನಗೊಂದು ಹೊಸ ಪಾತ್ರ ಬೇಕೆಂದ, ಈ ಲೋಕದಲ್ಲಿ ಇನ್ನೂ ಇಲ್ಲದ ಒಂದು ಕುಲದ್ದು. ಕೊಟ್ರೇಶ್‌ನ ಮುಖ ಅರಳಿತು. ಹೊಸ ಕುಲವೆಂದರೆ ಅವನಿಗೆ ಹೊಸ ಹಬ್ಬ, ಹೊಸ ಸೋಬಾನೆ.

'ಅದಕ್ಕೇನಂತೆ! ಹೆಂಗಿರ್ತಾರೆ ಹೇಳ್ರಿ.'

'ನೋಡಾಕೆ ಮನುಷ್ಯರಂಗೇ ಇರ್ತಾರೆ. ರೆಕ್ಕೆ ಇಲ್ಲ, ಕೋರೆಹಲ್ಲಿಲ್ಲ. ಎಲ್ಲಾರ ಜೊತೆ ಯುದ್ಧಕ್ಕೆ ಬರ್ತಾರೆ, ನಗ್ತಾರೆ, ಗಾಯಕ್ಕೆ ಔಷಧಿ ಹಚ್ತಾರೆ.' ದುರುಗೇಶ್ ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತ ನಿಧಾನವಾಗಿ ಹೇಳುತ್ತಿದ್ದ. 'ಅವ್ರಿಗೆ ಇರೋದು ಒಂದೇ ಶಾಪ. ಯಾರ್ದಾದ್ರೂ ಮನೆ ಬಾಗ್ಲಿಗೆ ಹೋಗಿ ನಿಂತ್ರೆ, ಒಳಗಿರೋರಿಗೆ ಸೆಕೆ ಆಗ್ತೈತೆ.'

ಸುನೀತಾ ತಲೆ ತಗ್ಗಿಸಿದಳು. ಕೊಟ್ರೇಶ್‌ನ ಕೈ ಸ್ವೆಟರಿನ ಅಂಚನ್ನು ಹುಡುಕಿ ಹಿಡಿಯಿತು. ನಾನು ಕಾದೆ. ಅವನ ಬಾಯಿಂದ 'ಅದಕ್ಕೇನಂತೆ' ಎಂಬ ಆ ಸಲೀಸಾದ ಮಾತು, ಸತ್ತವರಿಗೂ ಮಣ್ಣಿಗೂ ಸಿಕ್ಕಿದ ಆ ಮಾತು, ಈಗಲಾದರೂ ಬರಲಿ ಎಂದು ಕಾದೆ. ಬಂದಿದ್ದರೆ ಅದು ಕ್ಷಮೆ ಕೇಳಿದಂತಾಗುತ್ತಿತ್ತು. ದುರುಗೇಶ್ ಅದಕ್ಕಿಂತ ಹೆಚ್ಚೇನನ್ನೂ ಕೇಳುತ್ತಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

'ಇಲ್ರಿ,' ಎಂದ ಕೊಟ್ರೇಶ್. 'ಅಂಥಾ ಕುಲ ನಮ್ ಲೋಕದಾಗೆ ಇಲ್ಲ.'

'ಸತ್ತೋರಿಗೆ ಜಾಗ ಐತಲ್ರಿ.'

'ಐತೆ. ಆದ್ರೆ ಇದೆಲ್ಲಾ ಆಟಕ್ಕೆ ಯಾಕೆ ತರ್ತೀರಿ? ಇಲ್ಲಿ ಭೇದ ಗೀದ ಏನೂ ಇಲ್ಲ ಅಂತ ಮೊದ್ಲೇ ಹೇಳಿಲ್ವಾ?' ಅವನ ದನಿ ನಿಜವಾಗಿ ನೊಂದಿತ್ತು. ತನ್ನ ಚೆಂದದ ಲೋಕಕ್ಕೆ ಯಾರೋ ಕೆಸರುಗಾಲಲ್ಲಿ ಬಂದರೆಂಬ ನೋವು ಅದು.

ದುರುಗೇಶ್ ದಾಳವನ್ನು ಜೇಬಿಗೆ ಹಾಕಿಕೊಂಡು, ಹೆಲ್ಮೆಟ್ ಎತ್ತಿಕೊಂಡು ಎದ್ದ. ಕೊಟ್ರೇಶ್ ದಡಬಡಿಸಿ ಎದ್ದು ಅವನಿಗಿಂತ ಮೊದಲೇ ಬಾಗಿಲಿಗೆ ಓಡಿದ. ತಡೆಯುತ್ತಾನೆ, ಕೈ ಹಿಡಿದು ಕೂರಿಸುತ್ತಾನೆ ಎಂದುಕೊಂಡೆ. ಅವನು ಷಟರನ್ನು ಮೇಲಕ್ಕೆತ್ತಿ, ಅರ್ಧ ಹೆಜ್ಜೆ ಹಿಂದೆ ಸರಿದು, ಬಲಗೈ ಅಗಲಿಸಿ, ತಲೆ ಬಾಗಿಸಿ ದಾರಿ ಬಿಟ್ಟ.

ಆಮೇಲೆ ನಾನೂ ಸುನೀತಾಳೂ ಹೋಗಲಿಲ್ಲ. ದುರುಗೇಶ್ ವರ್ಗ ಮಾಡಿಸಿಕೊಂಡು ಜಗಳೂರಿಗೆ ಹೋದ. ಕೊಟ್ರೇಶ್‌ನ ಆಟ ಹೊಸ ಜನರೊಂದಿಗೆ ನಡೆಯುತ್ತಲೇ ಇದೆಯಂತೆ, ಕುಲಗಳು ಇನ್ನೂ ಹೆಚ್ಚಿವೆಯಂತೆ. ಮೊನ್ನೆ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಅದೇ ಸ್ವೆಟರ್. ಬಸ್ಸಿನ ಬಾಗಿಲಲ್ಲಿ ಎಲ್ಲರನ್ನೂ ಮುಂದೆ ಬಿಡುತ್ತಿದ್ದವನು ನನ್ನನ್ನು ಕಂಡು ಓಡಿಬಂದು ಎರಡೂ ಕೈ ಹಿಡಿದುಕೊಂಡ.

'ದುರುಗೇಶ್ ಸಿಗ್ತಾರಾ ಮೇಷ್ಟ್ರೇ? ಒಂದ್ಸಲ ಬರಾಕೆ ಹೇಳ್ರಿ. ಅವ್ರ ಮನುಷ್ಯನ್ನ ನಾನು ಆಟದಿಂದ ತೆಗೆದಿಲ್ಲ. ಅದೇ ಛತ್ರದ ಹೊರಗೆ ಕುದುರೆ ಕಾಯ್ತಾ ಇನ್ನೂ ನಿಂತವ್ನೆ.'

ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರು. ನಾನು ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ.

ಮುಖಕ್ಕೆ ಬಾಗಿಲು ಬಡಿಯುವ ದುಷ್ಟರನ್ನು ನಾವು ಗುರುತಿಸಬಲ್ಲೆವು, ಅವರ ಎದುರು ದನಿಯೆತ್ತಲೂ ಬಲ್ಲೆವು. ಕೊಟ್ರೇಶ್‌ನಂಥವರ ಮುಂದೆ ಕೋಪಕ್ಕೂ ಕಾಲೂರಲು ಜಾಗ ಸಿಗುವುದಿಲ್ಲ. ಅವರು ಕೆಟ್ಟವರಲ್ಲ. ದನಿ ತಗ್ಗಿಸಿ ಮಾತಾಡುತ್ತಾರೆ, ಯಾರನ್ನೂ ಹೊರಗೆ ಹೋಗು ಎನ್ನುವುದಿಲ್ಲ, ಒಳಗೆ ಸೆಕೆಯೆಂದು ಎಲ್ಲರಿಗೂ ಹೊರಗೇ ಚಾಪೆ ಹಾಸುತ್ತಾರೆ. ಇಲ್ಲದ ಲೋಕದಲ್ಲಿ ಇಲ್ಲದ ಕುಲಗಳಿಗೆಲ್ಲ ಮನೆ ಕಟ್ಟಿಕೊಟ್ಟು, ತಮ್ಮ ಹೊಸ್ತಿಲಲ್ಲಿ ನಿಂತವನ ಸರದಿ ಬಂದಾಗ ಅಂಥವನೇ ಇಲ್ಲ ಎಂದುಬಿಡುತ್ತಾರೆ. ಆಮೇಲೆ ಅವನು ಯಾಕೆ ಬರಲಿಲ್ಲ ಎಂದು ಸಿಕ್ಕವರನ್ನೆಲ್ಲ ಕೇಳುತ್ತ, ಬಸ್ಸು ಹತ್ತುವವರಿಗೆ ದಾರಿ ಬಿಡುತ್ತ ನಿಂತಿರುತ್ತಾರೆ.