ಎರಡು ದಿನ ಮರಳು, ಎರಡು ದಿನ ನೀರು

ತೀರಿಕೊಂಡ ತಮ್ಮ ನಾಗರಾಜುವಿನ ಹಾಲುತುಪ್ಪದ ಕಾರ್ಯ ಮುಗಿದ ಮಾರನೇ ದಿನವೇ ಆಶಾರಾಣಿ ಕೆಲಸಕ್ಕೆ ಹೋಗಿದ್ದಳು. ಹನೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅವತ್ತು ಹನ್ನೊಂದು ಜನರ ರಕ್ತ ತೆಗೆದಳು. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಬೇಕಾಗಲಿಲ್ಲ. "ಗಟ್ಟಿಗಿತ್ತಿ ಕಣವ್ವ ನೀನು" ಎಂದು ಲ್ಯಾಬಿನ ಯಜಮಾನರು ಹೊಗಳಿದರು. ಅದು ಗಟ್ಟಿತನವಲ್ಲ ಎಂದು ಅವಳಿಗೆ ಗೊತ್ತಿತ್ತು. ಮತ್ತೇನು ಎಂದು ಗೊತ್ತಿರಲಿಲ್ಲ.

ನಾಗರಾಜು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರ್ ಓಡಿಸುತ್ತಿದ್ದ. ಇಪ್ಪತ್ತಮೂರು ವರ್ಷ. ಒಂದು ಭಾನುವಾರ ತಮ್ಮೂರು ಬಂಡಳ್ಳಿಯ ಆಚೆಯ ಕೆರೆಯಲ್ಲಿ ಟ್ರಾಕ್ಟರ್ ತೊಳೆದು, ಹಾಗೇ ಸ್ನಾನಕ್ಕೆ ಇಳಿದವನು ಮೇಲೆ ಬರಲಿಲ್ಲ. ಈಜು ಬರುತ್ತಿತ್ತು. ಆದರೆ ಕೆರೆಯೊಳಗೆ ಯಾರೋ ಮಣ್ಣು ತೆಗೆದ ಗುಂಡಿಗಳಿದ್ದವು, ಮಳೆಗಾಲದಲ್ಲಿ ನೀರು ತುಂಬಿ ಕಾಣುತ್ತಿರಲಿಲ್ಲ. ಅವತ್ತು ಊಟಕ್ಕೆಂದು ಬಂದಿದ್ದ ಸೋದರಮಾವನ ಮಗ ಪ್ರಭುಸ್ವಾಮಿಯೇ ಮೂರು ಸಲ ಮುಳುಗಿ ಅವನನ್ನು ಎತ್ತಿಕೊಂಡು ಬಂದಿದ್ದು. ದಡದಲ್ಲಿ ಎಲ್ಲರೂ ಅತ್ತರು. ಆಶಾರಾಣಿ ತಮ್ಮನ ಕೂದಲಿಗೆ ಅಂಟಿದ್ದ ಪಾಚಿಯನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಕೂತಿದ್ದಳು.

ಆಶಾರಾಣಿಗೂ ಪ್ರಭುಸ್ವಾಮಿಗೂ ಮದುವೆಯ ಮಾತು ಮೊದಲೇ ಆಗಿತ್ತು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಎಂದು ಹಿರಿಯರು ಹೇಳಿದರು. ಅವಳು ಆಗಲಿ ಎಂದಳು. ಅವರು ಬೇಡ ಎಂದಿದ್ದರೆ ಅದಕ್ಕೂ ಹಾಗೇ ಆಗಲಿ ಎನ್ನುತ್ತಿದ್ದಳು.

ಎಂಟು ತಿಂಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಕೊಳ್ಳೇಗಾಲದಲ್ಲಿ ಧಾರೆ ಸೀರೆ ತೆಗೆದರು. ಅಂಗಡಿಯವನು ಹದಿನೈದು ಸೀರೆ ಬಿಡಿಸಿ ಹರಡಿದ. ಅವಳು ಕೈಗೆ ಹತ್ತಿರವಿದ್ದದ್ದನ್ನು ತೋರಿಸಿದಳು. ಅದೇ ಕಟ್ಟಡದ ಮಹಡಿಯ ಮೇಲೆ ಶಾಂತಮೂರ್ತಿ ಎಂಬುವರ ಟ್ರಾವೆಲ್ಸ್ ಆಫೀಸು ಇತ್ತು. ಪ್ರಭುಸ್ವಾಮಿ ಅವಳನ್ನು ಅಲ್ಲಿಗೆ ಹತ್ತಿಸಿಕೊಂಡು ಹೋದ. ಅವನು ಯಳಂದೂರಿನ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಎರಡು ತಿಂಗಳ ಹಿಂದೆಯೇ ಹಟ ಹಿಡಿದು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದ. ಹನಿಮೂನಿಗೆ ನೀರಿನ ಮೇಲೆ ಕಟ್ಟಿದ ಮನೆಗೇ ಹೋಗಬೇಕು ಎನ್ನುವುದು ಅವನ ಹಟ.

ಮೊದಲ ಸಲ ಅವನು ಅದನ್ನು ಹೇಳಿದಾಗ ಆಶಾರಾಣಿ ಅವನ ಮುಖ ನೋಡಿದ್ದಳು. ಇವನಿಗೆ ಮರೆತುಹೋಗಿದೆ ಎಂದುಕೊಂಡಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರೆಯುವವರು ಮರೆಯಲಿ ಅನ್ನಿಸಿತು, ಅಷ್ಟೇ.

ಶಾಂತಮೂರ್ತಿ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. "ನೋಡಿ ಮೇಡಂ, ನೀರಿನ ಮೇಲಿನ ಕಾಟೇಜ್ ಅಂದ್ರೆ ಮೂರು ಕಡೆ ಹೇಳ್ತೀನಿ. ಬೋರಾ ಬೋರಾ, ಮಲೇಶಿಯಾ, ಮಾಲ್ಡೀವ್ಸ್. ಬೋರಾ ಬೋರಾಗೆ ಹೋಗೋದಕ್ಕೇ ಎರಡು ದಿನ ಬೇಕು."

"ನಂಗೆ ಅಷ್ಟ್ ರಜ ಸಿಕ್ಕಲ್ಲ ಸಾ," ಎಂದ ಪ್ರಭುಸ್ವಾಮಿ.

"ಹಾಗಾದ್ರೆ ಮಲೇಶಿಯಾ. ಊಟಕ್ಕೆ ತೊಂದ್ರೆ ಇಲ್ಲ, ನಮ್ಮ ತಮಿಳ್ನೋರೇ ಬೇಕಾದಷ್ಟು ಜನ ಇದ್ದಾರೆ. ಆದ್ರೆ ನೀರು ಇಷ್ಟು ತಿಳಿ ಇರಲ್ಲ." ಅವರು ಮಾಲ್ಡೀವ್ಸಿನ ವಿಡಿಯೋ ಹಾಕಿದರು. ಹಸಿರು ಮಿಶ್ರಿತ ನೀಲಿ ನೀರು. ಕಂಬಗಳ ಮೇಲೆ ಸಾಲಾಗಿ ಹುಲ್ಲು ಹೊದಿಸಿದ ಮನೆಗಳು, ಅಲ್ಲಿಗೆ ಹೋಗಲು ಉದ್ದದ ಹಲಗೆ ದಾರಿ. ಮನೆಯೊಳಗೆ, ಮಂಚದ ಪಕ್ಕದ ನೆಲಕ್ಕೆ ಗಾಜು ಹಾಕಿದ್ದರು. ಗಾಜಿನ ಕೆಳಗೆ ಮೀನು ಓಡಾಡುತ್ತಿದ್ದವು. "ಮಲಗಿದ್ದಲ್ಲೇ ಸಮುದ್ರದ ತಳ ಕಾಣುತ್ತೆ ಮೇಡಂ!"

"ಎಷ್ಟು ಆಳ ಅದೆ?" ಎಂದು ಆಶಾರಾಣಿ ಕೇಳಿದಳು. ಅಲ್ಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ರೋಗಿಗೆ ವಯಸ್ಸೆಷ್ಟು ಎಂದು ಕೇಳುವ ಧ್ವನಿಯಲ್ಲಿ ಕೇಳಿದಳು.

"ಎದೆಮಟ್ಟ ಅಷ್ಟೇ ಮೇಡಂ. ಯಾರೂ ಮುಳುಗಲ್ಲ," ಎಂದು ಶಾಂತಮೂರ್ತಿ ನಕ್ಕರು.

ಪಕ್ಕದಲ್ಲಿ ಏನೋ ಸದ್ದಾಯಿತು. ಪ್ರಭುಸ್ವಾಮಿಯ ಕೈಯಲ್ಲಿದ್ದ ನೀರಿನ ಬಾಟಲಿ ನಜ್ಜುಗುಜ್ಜಾಗಿತ್ತು. ಅವನ ಕಣ್ಣು ಕಂಪ್ಯೂಟರಿನ ಮೇಲೇ ಇತ್ತು, ಆದರೆ ಹಣೆ, ಕತ್ತು, ಅಂಗಿಯ ಕಾಲರು ಎಲ್ಲ ಬೆವರು. ದಿನಾ ಹತ್ತಾರು ಜನರ ತೋಳು ಹಿಡಿಯುವವಳು ಆಶಾರಾಣಿ. ಸೂಜಿ ಕಂಡರೆ ಹೆದರುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಅವನ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಓಡುತ್ತಿತ್ತು.

"ಒಂದ್ನಿಮ್ಸ ಕೆಳಗೋಗಿ ಬತ್ತೀವಿ ಸಾ," ಎಂದು ಹೇಳಿ ಅವನನ್ನು ಎಬ್ಬಿಸಿದಳು.

ಕೆಳಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಅವನು ಟೀ ಮುಟ್ಟಲಿಲ್ಲ. ತಾನೇ ಬಾಯಿ ತೆರೆದ.

"ಅವತ್ತಿಂದ ನಾನು ನೀರ್ ತಾವ್ಕೇ ಓಗಿಲ್ಲ ಕಣಾ ಆಶಾ. ಮುಖ ತೊಳಿವಾಗ ಕಣ್ ಮುಚ್ಚಕಾಗಲ್ಲ. ಮುಚ್ಚುದ್ರೆ ಅವನ ಕೈ ಸಿಕ್ತದೆ. ಮೊದಲ್ನೇ ಸಲ ಮುಳುಗ್ದಾಗಲೇ ಸಿಕ್ಕಿತ್ತು ಆ ಕೈಯ್ಯಿ. ಜಾರೋಯ್ತು. ಯಾರ್ಗೂ ಏಳಿಲ್ಲ ನಾನು."

ಆಶಾರಾಣಿ ಟೀ ಲೋಟವನ್ನು ಅವನ ಕಡೆ ಸರಿಸಿದಳು.

"ಮತ್ಯಾಕ್ ಬಾವ ನೀರಿನ್ ಮನೆ ಅಂತ ಕುಣಿತಿದ್ದೆ?"

"ಒಬ್ನೇ ಓದ್ರೆ ಆಗಲ್ಲ. ನೀನ್ ಜೊತೇಲಿದ್ರೆ ಆಗಬೋದು ಅನ್ಕಂಡೆ. ನೀನು ಗಟ್ಟಿ ಇದ್ದೀಯಲ್ಲ."

"ನಾನ್ ಗಟ್ಟಿ ಇಲ್ಲ. ನಂಗೇನೂ ಆಯ್ತಾನೇ ಇಲ್ಲ ಬಾವ. ಅಳುನೂ ಬರಲ್ಲ. ಮದ್ವೆ ಅಂದ್ರೂ ಅಷ್ಟೇ, ಈ ಸೀರೆ ಅಂದ್ರೂ ಅಷ್ಟೇ. ನೀನು ಮರ್ತ್‌ಬುಟ್ಟಿದ್ದೀಯ ಅನ್ಕಂಡಿದ್ದೆ, ಅದ್ಕೂ ಕ್ವಾಪ ಬರ್ನಿಲ್ಲ."

ಅವನು ಅವಳನ್ನು ನೋಡಿದ. ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. "ಬ್ಯಾಡ ಬುಡು ಅಂಗಾರೆ," ಎಂದ. "ಊಟಿಗೋಗವ."

ಅವಳು ಸೀರೆಯ ಚೀಲವನ್ನು ಅವನ ತೊಡೆಯ ಮೇಲಿಟ್ಟು ಒಬ್ಬಳೇ ಮಹಡಿ ಹತ್ತಿದಳು. ಅಲ್ಲಿ ಮರಳಿನ ಮೇಲೂ ಮನೆಗಳಿವೆಯೇ ಎಂದು ಕೇಳಿದಳು. ಇವೆ ಎಂದರು ಶಾಂತಮೂರ್ತಿ, ಎರಡು ದಿನ ಅಲ್ಲಿದ್ದು ಆಮೇಲೆ ನೀರಿನ ಮೇಲಿನದಕ್ಕೆ ಹೋಗುವವರೂ ಉಂಟು. "ಅಂಗೇ ಮಾಡಿ ಸಾ. ಮಾಲ್ಡೀವ್ಸೇ ಇರ್ಲಿ. ಗಾಜಿನ್ ನೆಲ ಬ್ಯಾಡ. ಹಿಡ್ಕಳಕ್ಕೆ ಕಂಬಿ ಇರೋ ಮೆಟ್ಲು ಬೇಕು." ಎಂಟು ತಿಂಗಳಲ್ಲಿ ಅವಳು ತಾನಾಗಿ ಇದು ಬೇಕು, ಇದು ಬೇಡ ಎಂದದ್ದು ಅದೇ ಮೊದಲು. ಹಾಗೆಂದು ಅವಳಿಗೆ ಹೊಳೆದದ್ದು ಸಂಜೆ ಬಂಡಳ್ಳಿಯ ಬಸ್ಸಿನಲ್ಲಿ.

ಮನೆಯಲ್ಲಿ ಅವ್ವ ರಾಮಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮಗ ಹೋದಾಗಿನಿಂದ ಅವಳು ಕೆರೆಯ ದಾರಿ ತುಳಿದಿಲ್ಲ, ಗದ್ದೆಗೆ ಸುತ್ತು ಹಾಕಿಕೊಂಡು ಹೋಗುತ್ತಾಳೆ. ವಿಷಯ ಕೇಳಿ ಕೈ ನಿಲ್ಲಿಸಿದಳು.

"ನೀರ್ ಮ್ಯಾಲ ಯಾಕವ್ವ ಮನೆ ಕಟ್ಟಾರು? ನೆಲ ಇಲ್ವಾ ಅವ್ರಿಗೆ?"

"ನೆಲನೂ ಅದೆ ಕಣವ್ವ. ಮೊದ್ಲು ಎರಡ್ ದಿನ ನೆಲದ್ ಮ್ಯಾಲೇ ಇರ್ತೀವಿ."

"ಪ್ರಭು ಒಪ್ದನಾ?"

"ಅವ್ನಿಗಾಗೇ ಓಯ್ತಿರದು."

ರಾಮಮ್ಮ ಮಡಿಲಿನ ಸಿಪ್ಪೆ ಕೊಡವಿದಳು. ಆಮೇಲೆ, "ಕೈ ಬುಡಬ್ಯಾಡ ಅವ್ನ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಮದುವೆ ಚಿಕ್ಕದಾಗಿ ಆಯಿತು. ವಾರದ ನಂತರ ಬೆಂಗಳೂರಿನಿಂದ ವಿಮಾನ ಹತ್ತಿದರು. ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಪ್ರಭುಸ್ವಾಮಿ ನಟ್ಟನಡುವೆ ಕೂತು, ಮೊಣಕಾಲಿನ ನಡುವೆ ತಲೆಯಿಟ್ಟು, ದಡ ಬರುವವರೆಗೂ ಎತ್ತಲಿಲ್ಲ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು. ಮೊದಲ ದಿನ ಅವನು ಮನೆಯ ಬಾಗಿಲಿನಿಂದ ಸಮುದ್ರ ನೋಡಿದ. ಎರಡನೇ ದಿನ ಒದ್ದೆ ಮರಳಿನವರೆಗೆ ಬಂದ. ಅಲೆ ಬಂದು ಪಾದ ನೆನೆಸಿದಾಗ ಹಿಂದಕ್ಕೆ ಹಾರಿದ, ಆಮೇಲೆ ನಾಚಿಕೊಂಡು ನಕ್ಕ.

ಮೂರನೇ ದಿನ ಬೆಳಗ್ಗೆ ಹೋಟೆಲಿನವರು ಚೀಲಗಳನ್ನು ನೀರಿನ ಮೇಲಿನ ಮನೆಗೆ ಸಾಗಿಸಿದರು. ಹಲಗೆ ದಾರಿ ಶುರುವಾಗುವಲ್ಲಿ ಪ್ರಭುಸ್ವಾಮಿ ನಿಂತುಬಿಟ್ಟ.

"ಕೆಳಗ್ ನೋಡಬ್ಯಾಡ. ನನ್ ಬೆನ್ನೇ ನೋಡ್ಕಂಡು ಬಾ," ಎಂದು ಅವನ ಕೈ ಹಿಡಿದು ಅವಳು ಮುಂದೆ ನಡೆದಳು. ಅವನು ಒಂದೊಂದೇ ಹೆಜ್ಜೆ ಇಟ್ಟು ಬಂದ. ಅರ್ಧ ದಾರಿಯಲ್ಲಿ, "ಅವತ್ತು ಜಾರೋಯ್ತಲ್ಲ, ನಂಗೆ ಬಯ್ಯಲ್ವಾ ನೀನು?" ಎಂದು ಕೇಳಿದ.

"ಇಲ್ಲ ಬಾವ. ಮೂರು ಸಲ ಮುಳುಗ್ದಲ್ಲ ನೀನು."

ಅವನು ಅಲ್ಲೇ ನಿಂತು ಅತ್ತ. ಅವಳಿಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಸ್ವಲ್ಪ ಕಾದಳು. ಎರಡೂ ಕಡೆ ತಿಳಿ ನೀರು, ಅದರೊಳಗೆ ಬಿಳಿ ಮರಳು. ಚಪ್ಪಲಿಯನ್ನು ಚೀಲದ ಜೊತೆಯೇ ಕಳಿಸಿಬಿಟ್ಟಿದ್ದಳು, ಹಲಗೆ ಬಿಸಿಲಿಗೆ ಕಾದು ಅಂಗಾಲು ಚುರುಗುಟ್ಟುತ್ತಿತ್ತು. ಒಂದು ಕಾಲು ಎತ್ತಿದಳು, ಇನ್ನೊಂದು ಎತ್ತಿದಳು.

"ಬಿರ್ರನೆ ಬಾ ಬಾವ," ಎಂದಳು. "ಕಾಲು ಸುಡ್ತಾ ಅದೆ."