ಒದ್ದೆ ವಸ್ತ್ರ

“ಇನ್ನೊಮ್ಮೆ ಅದ್ದಿ ಕೊಡ,” ಎಂದು ಗುಡ್ಡಪ್ಪ ಮುಖಕ್ಕೆ ಕಟ್ಟಿದ್ದ ವಸ್ತ್ರ ಬಿಚ್ಚಿ ಹೆಂಡತಿಯ ಕಡೆ ಎಸೆದ. ಅಡಿವೆವ್ವ ಅದನ್ನು ಕೆರೆಯಲ್ಲಿ ಅದ್ದಿ, ಹಿಂಡಿ, ಅವನ ಮೂಗು ಬಾಯಿ ಮುಚ್ಚುವಂತೆ ಬಿಗಿಯಾಗಿ ಕಟ್ಟಿದಳು. ಹತ್ತಿಮತ್ತೂರಿನ ಹತ್ತಿ ಹೊಲಗಳಲ್ಲಿ ಔಷಧ ಹೊಡೆಯುವಾಗ ಇಷ್ಟು ವರ್ಷ ಅವನನ್ನು ಕಾಪಾಡಿದ್ದು ಈ ಒದ್ದೆ ವಸ್ತ್ರವೇ ಎಂದು ಇಬ್ಬರೂ ನಂಬಿದ್ದರು.

ಈಗ ಹೊಡೆಯಬೇಕಾದದ್ದು ಹತ್ತಿಗಲ್ಲ, ಕೆರೆಗೆ. ದುಂಡಸಿಯ ಹತ್ತಿರ ಟ್ಯಾಂಕರ್ ಉರುಳಿ, ಕರಿ ಎಣ್ಣೆಯೆಲ್ಲ ಹಳ್ಳ ಹಿಡಿದು ಕೆರೆ ಸೇರಿತ್ತು. ಹೊಟ್ಟೆ ಮೇಲಾಗಿ ತೇಲುವ ಮೀನು, ರೆಕ್ಕೆ ಅಂಟಿಕೊಂಡು ಒದ್ದಾಡುವ ಕೊಕ್ಕರೆ, ದಡದುದ್ದಕ್ಕೂ ಲೋಳೆ. ಎಣ್ಣೆ ಕರಗಿಸಲೆಂದು ಗುತ್ತಿಗೆದಾರ ಬ್ಯಾರಲ್‌ಗಳಲ್ಲಿ ಔಷಧ ಕಳಿಸಿದ್ದ. ಪಂಪಿನಿಂದ ಹೊಡೆದಲ್ಲೆಲ್ಲ ಕಂದು ನೊರೆ ಎದ್ದು, ಸೀಮೆಎಣ್ಣೆಯಲ್ಲಿ ಮಾವಿನಹಣ್ಣು ಕೊಳೆತಂಥ ಸಿಹಿ ನಾತ ಹಬ್ಬುತ್ತಿತ್ತು.

ಕೆಲಸ ನೋಡಿಕೊಳ್ಳಲು ಬಂದಿದ್ದ ರಾಘಣ್ಣ ಮಾತ್ರ ನಾತ ತಾಗದ ಕಡೆ ಕುರ್ಚಿ ಹಾಕಿಸಿಕೊಂಡು, ಅತ್ತರು ಹಚ್ಚಿದ ಕರವಸ್ತ್ರ ಮೂಗಿಗೊತ್ತಿ ಕೂತಿದ್ದ.

“ಸಾಬಾಣದ ನೀರು ಇದ್ದಂಗ ಅದ. ಏನೂ ಆಗಂಗಿಲ್ಲ, ಹೊಡಿ,” ಎನ್ನುತ್ತಿದ್ದ. ಏನೂ ಆಗದಿದ್ದರೆ ಆ ಕರವಸ್ತ್ರ ಯಾತಕ್ಕೋ!

ಮಧ್ಯಾಹ್ನ ಗುಡ್ಡಪ್ಪ ಪಂಪು ಹೊತ್ತಂತೆಯೇ ದಡದಲ್ಲಿ ಕುಸಿದ.

“ಎದಿ ಡಬಡಬ ಬಡ್ಕೊಳ್ಳಾಕತ್ತೇತಿ. ನಡುನಡುವ ನಿಂತಂಗ ಆಕ್ಕೇತಿ,” ಎಂದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಶಿಗ್ಗಾವಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. “ಆ ಔಷಧದ ಹಬಿ ಮೂಗಿಗೆ ಹೋಗಿ ಎದಿ ತಾಳ ತಪ್ಪೇತಿ. ಇನ್ನೊಮ್ಮೆ ಹಿಂಗಾದ್ರ ಎದಿ ನಿಂತ ಬಿಡ್ತೇತಿ,” ಎಂದರು.

ಹಿಂದೆಯೇ ಬಂದಿದ್ದ ರಾಘಣ್ಣ ನಕ್ಕ. “ಬೀಡಿ ಸೇದಿ ಕೆಡಿಸ್ಕೊಂಡಾನ್ರಿ ಡಾಕ್ಟರ್.” ಆಮೇಲೆ ಗುಡ್ಡಪ್ಪನ ಕಡೆ ತಿರುಗಿ, “ನಾಳೆ ಬರ್ತೀಯಿಲ್ಲೋ? ಇಲ್ಲಂದ್ರ ಬ್ಯಾರೆಯವನ್ನ ಹುಡುಕ್ತೇನಿ,” ಎಂದ. ಗುಡ್ಡಪ್ಪ ಹೂಂ ಎಂದು ತಲೆಯಾಡಿಸಿದ. ಅಡಿವೆವ್ವನಿಗೆ ಆ ಅತ್ತರಿನ ಮುಖಕ್ಕೆ ಉಗುಳಬೇಕೆನಿಸಿತು.

ಸಂಜೆ ಒಲೆಯ ಮುಂದೆ ಅವಳೇ ಮಾತು ತೆಗೆದಳು. “ಹೋಗಬ್ಯಾಡ್ರಿ. ಡಾಕ್ಟ್ರು ಹೇಳಿದ್ದು ಕೇಳಿದ್ರಿಲ್ಲ?”

“ಹಬಿ ಮೂಗಿಗೆ ಹೋಗಬಾರ್ದು ಅಂದ್ರು. ವಸ್ತ್ರ ಎರಡ ಸುತ್ತ ಕಟ್ಟಿದ್ರಾತು. ನೀ ಚಲೋತ್ನಂಗ ತೋಯ್ಸಿ ಕೊಡ.”

ವಸ್ತ್ರ ಅವಳ ಪಕ್ಕದಲ್ಲೇ ಮುದ್ದೆಯಾಗಿ ಬಿದ್ದಿತ್ತು. ನೀರೆಲ್ಲ ಆರಿದ್ದರೂ ಮುಟ್ಟಿದರೆ ಜಿಗಿಜಿಗಿ ಎನ್ನುತ್ತಿತ್ತು. ಅದೇ ಸಿಹಿ ನಾತ. ಒಗೆಯಲೆಂದು ಎತ್ತಿಕೊಂಡವಳು ಮುಖ ತಿರುಗಿಸಿದಳು. ಥೂ ಎಂದು ಒಲೆಗೆ ಎಸೆದಳು.

ಭಗ್ಗನೆ ಎದ್ದ ಬೆಂಕಿ ಮೇಲೆ ತೂಗುಹಾಕಿದ್ದ ನೆಲುವಿನ ತನಕ ಹೋಯಿತು. ಅಡಿವೆವ್ವ ಹಿಂದಕ್ಕೆ ಜಿಗಿದಳು. ಗುಡ್ಡಪ್ಪನ ಕೈ ತಾನಾಗಿಯೇ ಹೋಗಿ ಮೂಗು ಬಾಯಿ ಮುಟ್ಟಿ ನೋಡಿಕೊಂಡಿತು.

ಉರಿ ಇಳಿದ ಮೇಲೆ ಅಡಿವೆವ್ವ, ಬೆಳಗಿನಿಂದ ಆ ವಸ್ತ್ರವನ್ನು ಅದೇ ಕೆರೆಯಲ್ಲಿ ಅದ್ದಿ, ಹಿಂಡಿ ಹಿಂಡಿ ಕಟ್ಟಿದ ತನ್ನ ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ತಂದುಕೊಂಡಳು.