ನಾನೂರ ಹನ್ನೆರಡರ ವಿಳಾಸ

‘ಇಲ್ಲಿ ಮನೆಯೇ ಇಲ್ಲ ಸಾರ್. ಒಂದು ನೀರಿನ ಟ್ಯಾಂಕು, ಅದರ ಕೆಳಗೆ ನಾನು,’ ಎಂದರು ರೋಗಿಯೊಬ್ಬರ ಮನೆ ಹುಡುಕಿ ಹೋಗಿದ್ದ ನರ್ಸ್ ಸಿಸ್ಟರ್ ಫೋನಿನಲ್ಲಿ.

ಅವನು ಕಂಪ್ಯೂಟರಿನ ನಕ್ಷೆಯನ್ನು ದೊಡ್ಡದು ಮಾಡಿದ. ಎಚ್‌ಐವಿ ಪತ್ತೆಯಾದ ಪ್ರತಿಯೊಬ್ಬರಿಗೂ ಒಂದು ಕೆಂಪು ಚುಕ್ಕೆ, ಒಂದು ನಂಬರು. ಹೆಸರಿಲ್ಲ. ಆರೋಗ್ಯ ಕಚೇರಿಗೆ ಅವನಂಥ ಲೆಕ್ಕಿಗ ಏಳೇಳು ಜನ್ಮಕ್ಕೂ ಸಿಗುವುದಿಲ್ಲವೆಂದು ಪ್ರತೀತಿ. ಊರಿನ ಇರುವೆಗಳಿಗೆಲ್ಲ ವಾರ್ಡು ಹಂಚಬಲ್ಲ, ಸೊಳ್ಳೆಗೂ ಮನೆ ನಂಬರು ಹುಡುಕಿಕೊಟ್ಟಾನು. ಆ ಮಹಾಶಯನಿಗೆ ನಾನೂರ ಹನ್ನೆರಡನೇ ಚುಕ್ಕೆಯ ಮನೆ ಮಾತ್ರ ಸಿಗುತ್ತಿರಲಿಲ್ಲ.

ಸಿಗುವುದು ಹೇಗೆ? ನಾನೂರ ಹನ್ನೆರಡು ಅವನೇ. ಪಕ್ಕದ ಊರಿನ ಕೇಂದ್ರದಲ್ಲಿ ಟೋಪಿ ಹಾಕಿಕೊಂಡು ರಕ್ತ ಕೊಟ್ಟು, ಡ್ರೈವರ್ ಎಂದು ಬರೆಸಿ, ವಿಳಾಸ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದ್ದ. ಮೂರು ತಿಂಗಳಿಂದ ಮಾತ್ರೆಗೂ ಹೋಗಿರಲಿಲ್ಲ. ಅದಕ್ಕೇ ಸಿಸ್ಟರ್ ಬೆಳಗಿನಿಂದ ಅವನನ್ನು ಹುಡುಕುತ್ತಿದ್ದರು. ದಾರಿ ಕೇಳುತ್ತಿದ್ದದ್ದು ಅವನನ್ನೇ.

‘ಇನ್ನೊಂದ್ ಸ್ವಲ್ಪ ಮುಂದೆ ಹೋಗಿ ನೋಡಿ.’

‘ಮುಂದೆ ಹಳ್ಳ ಸಾರ್. ನಂಗೆ ಈಜು ಬರಲ್ಲ.’

ಅವನ ಮೇಲಧಿಕಾರಿ ಡಾಕ್ಟರು ಬಂದು ಕುರ್ಚಿಯ ಹಿಂದೆ ನಿಂತರು. ಅವನು ಫೋನನ್ನು ಅಂಗೈಯಿಂದ ಮುಚ್ಚಿದ.

‘ಪಶ್ಚಿಮದ ವಾರ್ಡಲ್ಲಿ ಎಷ್ಟಪ್ಪ?’

‘ಒಂಬತ್ತು.’

‘ಹತ್ತಾಗಿದ್ರೆ ಅಲ್ಲೇ ಒಂದು ಚಿಕಿತ್ಸಾ ಕೇಂದ್ರ ಸಿಗ್ತಿತ್ತು. ಎರಡೆರಡು ಬಸ್ ಹತ್ತಿ ಬರ್ತಾರೆ, ಒಬ್ಬಳು ತುಂಬಿದ ಬಸುರಿ. ಹಾಗಂತ ಇನ್ನೊಬ್ಬರಿಗೆ ಬರಲಿ ಅಂತ ಹರಕೆ ಹೊರೋಕಾಗುತ್ತಾ?’

ಅವನು ನಕ್ಕ. ಡಾಕ್ಟರು ನಗಲಿಲ್ಲ.

ಪಶ್ಚಿಮದ ವಾರ್ಡಿನಲ್ಲೇ ಅವನ ಅಕ್ಕ-ಭಾವನ ಮನೆ. ಮಹಡಿಯ ಕೋಣೆಯಲ್ಲಿ ಅವನ ವಾಸ. ಒಂದು ಸಾಲು ತಿದ್ದಿದರೆ ಸಾಕು, ಚುಕ್ಕೆ ಅಲ್ಲಿಗೆ ಹಾರಿ ಲೆಕ್ಕ ಹತ್ತಾಗುತ್ತದೆ. ನಾಳೆ ಸಿಸ್ಟರ್ ಬಂದು ಬಾಗಿಲು ತಟ್ಟುತ್ತಾರೆ. ತೆಗೆಯುವವಳು ಅಕ್ಕ. ನೆನೆದದ್ದೇ ತಡ, ಅವನ ಎದೆಯೊಳಗೆ ಹದಿನೆಂಟು ನಗಾರಿಗಳು ಒಟ್ಟಿಗೆ ಬಡಿದುಕೊಂಡವು. ಪಕ್ಕದ ಮೇಜಿನವರಿಗೆ ಕೇಳಿಸದೆ ಹೋದದ್ದೇ ದೊಡ್ಡ ಪವಾಡ.

‘ಆ ನಾನೂರ ಹನ್ನೆರಡು ಏನಾಯ್ತು?’

‘ವಿಳಾಸ ಸುಳ್ಳಿರಬೇಕು ಸಾರ್.’

‘ಹಾಗಾದ್ರೆ ತೆಗೆದುಹಾಕು. ನಾಲ್ಕಕ್ಕೆ ಪಟ್ಟಿ ಹೋಗ್ಬೇಕು.’

ಡಾಕ್ಟರು ಹೋದರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವನು ಅಕ್ಕನ ಬೀದಿಯ ಹೆಸರು ಟೈಪ್ ಮಾಡಿದ. ಅಳಿಸಿದ. ಮತ್ತೆ ಮಾಡಿದ. ಬೆರಳು ಮಣಭಾರವಾಗಿತ್ತು.

‘ಸಾರ್, ಇದ್ದೀರಾ?’ ಫೋನಿನಲ್ಲಿ ಸಿಸ್ಟರ್ ಇನ್ನೂ ಕಾಯುತ್ತಿದ್ದರು.

‘ಹ್ಞೂಂ.’

‘ಮಾತ್ರೆ ಬಿಟ್ಟು ಮೂರು ತಿಂಗಳು ಅಂದ್ರೆ ಆಟ ಅಲ್ಲ. ಹೆಸರು ಗೊತ್ತಿದ್ರೆ ಒಂದ್ಸಲ ಕೂಗಿ ನೋಡ್ತಿದ್ದೆ.’

‘ನಂಬರ್ ಅಷ್ಟೇ ಇರೋದು ಸಿಸ್ಟರ್.’

‘ನಂಬರ್ ಕೂಗಿದ್ರೆ ಯಾರು ತಿರುಗ್ತಾರೆ, ಬಿಡಿ.’

ಆದರೂ ಮನಸ್ಸು ತಡೆಯದೆ ಅವರು ಆ ಬಯಲಿಗೆ ಬೆನ್ನು ಹಾಕುವ ಮೊದಲು ಕೂಗಿಯೇಬಿಟ್ಟರು: ‘ಯಾರಾದ್ರೂ ಇದ್ದೀರೇನ್ರಪ್ಪಾ...’

‘ಇದ್ದೀನಿ’ ಎನ್ನಲು ಅವನು ಬಾಯಿ ತೆರೆದ.

ಅಷ್ಟರಲ್ಲಿ ಫೋನಿನೊಳಗೆ, ಎಲ್ಲೋ ದೂರದಿಂದ, ಒಂದು ನಾಯಿ ಓಗೊಟ್ಟಿತು. ‘ಬಾ,’ ಎಂದರು ಸಿಸ್ಟರ್ ಅದಕ್ಕೆ, ‘ನೀನಾದ್ರೂ ಬಾ.’ ಒಣ ಎಲೆಗಳ ಮೇಲೆ ಅದು ಓಡಿ ಬರುತ್ತಿರುವುದು ಅವನಿಗೆ ಕೇಳಿಸುತ್ತಲೇ ಇತ್ತು.